ಹನ್ನೊಂದು ವರ್ಷದ ಅಳಿಯನ ಅರ್ಜಿ

ಗೇಮ್ ಕನ್ಸೋಲ್ ಕಂಪನಿಯ ದೇಶ ಮತ್ತು ಕುಟುಂಬ ನಿರ್ಧಾರ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಯೂ, ನನ್ನನ್ನು ತಿಂಗಳುಗಟ್ಟಲೆ ‘ಪುಟಾಣಿ’ ಎಂದು ಕರೆದು ಸಮಾಧಾನಪಡಿಸಿದ ತಮ್ಮ ಸಹಾಯಕ ರೋಬೋಟ್ ಮಹಾಶಯರೂ ಕ್ಷೇಮವಾಗಿರುವಿರೆಂದು ನಂಬಿ, ನಾನೂ ಈ ಹೊಸ ದೇಶದ ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿ ಕ್ಷೇಮವೆಂದು ತಿಳಿಸುತ್ತಾ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ಬಹಿರಂಗವಾಗಿ ಏಕೆಂದರೆ, ಖಾಸಗಿಯಾಗಿ ಬರೆದ ಹದಿನಾಲ್ಕು ದೂರುಗಳಲ್ಲಿ ಹದಿಮೂರನ್ನು ತಾವು ಅತ್ಯಂತ ವಿನಯದಿಂದ ತಳ್ಳಿಹಾಕಿದಿರಿ. ಹದಿನಾಲ್ಕನೆಯದಕ್ಕೆ ಮಾತ್ರ, ಯಾವ ಗ್ರಹ ಯಾವ ಮನೆಗೆ ಬಂದಿತ್ತೋ, ಇದ್ದಕ್ಕಿದ್ದಂತೆ ಒಪ್ಪಿಗೆ ಕೊಟ್ಟುಬಿಟ್ಟಿರಿ. ತಾವು ಒಪ್ಪದಿದ್ದಾಗ ನನಗೆ ಆದದ್ದು ಕಿರಿಕಿರಿ. ಒಪ್ಪಿದ ಮೇಲೆ ಆಗುತ್ತಿರುವುದು ನಿಜವಾದ ನಷ್ಟ. ಆದ್ದರಿಂದ ನನ್ನ ದೂರನ್ನು ಪುರಸ್ಕರಿಸಿದ ತಮ್ಮ ತಪ್ಪಿನ ವಿರುದ್ಧ ನಾನು ಸಲ್ಲಿಸುತ್ತಿರುವ ದೂರು ಇದು.

ತಮ್ಮ ಪತ್ರದ ಸಾರಾಂಶವನ್ನು ಇತರ ಓದುಗರ ಅನುಕೂಲಕ್ಕಾಗಿ ಹೇಳಿಬಿಡುತ್ತೇನೆ. ಈ ತಿಂಗಳ ಮೂವತ್ತರಂದು ತಾವು ನನ್ನನ್ನು ಅತ್ತೆಯವರ ಕುಟುಂಬದಿಂದ ಬೇರ್ಪಡಿಸಿ, ವಯಸ್ಕನೆಂದು ಘೋಷಿಸಿ, ನಾನೀಗ ವಾಸವಾಗಿರುವ ದೇಶಕ್ಕೆ ವರ್ಗಾಯಿಸಲಿದ್ದೀರಿ. ಅದಕ್ಕೂ ಮೊದಲು ನಮ್ಮ ಹಳೆಯ ದೇಶದಲ್ಲಿರುವ ಅತ್ತೆಯವರ ಫೋನಿಗೆ ಒಂದು ಸೂಚನೆ ಹೋಗಲಿದೆ. ಅದರ ಒಕ್ಕಣೆಯನ್ನೂ ದಯಮಾಡಿ ನನಗೆ ಕಳುಹಿಸಿದ್ದೀರಿ: ‘ನಿಮ್ಮ ಕುಟುಂಬದ ಈ ಮಗು ನಿಮ್ಮಿಂದ ಬೇರೆಯಾಗಲು ಹದಿನಾಲ್ಕು ಬಾರಿ ಕೋರಿಕೊಂಡಿದೆ. ನಿಮಗೆ ಒಪ್ಪಿಗೆಯೇ?’ ಅತ್ತೆಯವರು ಉತ್ತರ ಕೊಡದೆ ಸುಮ್ಮನಿದ್ದರೆ ಅದನ್ನು ಒಪ್ಪಿಗೆಯೆಂದೇ ಭಾವಿಸಲಾಗುವುದಂತೆ. ಮಾನ್ಯರೇ, ನಮ್ಮ ಅತ್ತೆಯವರು ಸುಮ್ಮನಿದ್ದರೆ ಅದರ ಅರ್ಥ ಏನು ಬೇಕಾದರೂ ಆಗಿರಬಹುದು, ಒಪ್ಪಿಗೆಯೊಂದನ್ನು ಬಿಟ್ಟು.

ನಲವತ್ತನಾಲ್ಕು ವರ್ಷದ, ನೆತ್ತಿಯ ಮೇಲೆ ಕೂದಲು ಲೆಕ್ಕಕ್ಕೆ ಸಿಗುವಷ್ಟೇ ಉಳಿದಿರುವ, ಕಟ್ಟಿಸುವ ಹಲ್ಲುಗಳನ್ನು ತಯಾರಿಸಿ ಜೀವನ ಸಾಗಿಸುವ ನಾನು ತಮ್ಮ ಕಡತದಲ್ಲಿ ಹನ್ನೊಂದು ವರ್ಷದ ಬಾಲಕನಾದದ್ದು ಹೇಗೆಂಬುದನ್ನು ಈಗ ಹೇಳಬೇಕು. ನಾಲ್ಕು ವರ್ಷದ ಹಿಂದೆ ನಮ್ಮ ದಂತ ತಂತ್ರಜ್ಞರ ಸಂಘದ ವಾರ್ಷಿಕ ಸಭೆಯಲ್ಲಿ ಅದೃಷ್ಟದ ಚೀಟಿ ಎತ್ತಿದಾಗ ತಮ್ಮ ಕನ್ಸೋಲ್ ನನ್ನ ಪಾಲಿಗೆ ಬಂತು. ಮನೆಗೆ ತಂದು ಟಿವಿಗೆ ಸಿಕ್ಕಿಸಿದೆ. ಯಂತ್ರ ಕೇಳಿದ ಮೊಟ್ಟಮೊದಲ ಪ್ರಶ್ನೆ, ‘ಈ ಕುಟುಂಬದ ಮುಖ್ಯಸ್ಥರು ಯಾರು?’ ತಾವು ಯಾವ ಮನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಈ ಪ್ರಶ್ನೆಯನ್ನು ರಚಿಸಿದಿರೋ ನಾನರಿಯೆ. ನಾನು ಕುಳಿತದ್ದು ಅತ್ತೆಯವರ ಮನೆಯಲ್ಲಿ, ಅತ್ತೆಯವರ ಸೋಫಾದ ಮೇಲೆ, ಅತ್ತೆಯವರು ಮಾಡಿಕೊಟ್ಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡು. ಮದುವೆಯಾದ ದಿನದಿಂದ ನಾನು ಆ ಮನೆಗೆ ಮನೆ ಅಳಿಯ. ಅತ್ತೆಯವರು ನನ್ನ ಬೆನ್ನ ಹಿಂದೆಯೇ ಕನ್ನಡಕ ಏರಿಸಿಕೊಂಡು ನಿಂತಿದ್ದರು. ಅಂಥ ಘಳಿಗೆಯಲ್ಲಿ ಆ ಖಾಲಿ ಚೌಕದೊಳಗೆ ತನ್ನದೇ ಹೆಸರು ಬರೆದುಕೊಳ್ಳುವ ಅಳಿಯ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ನಾನು ಅತ್ತೆಯವರ ಹೆಸರು ಬರೆದೆ. ಅವರು ನನ್ನ ಕಾಫಿಗೆ ಇನ್ನೊಂದಿಷ್ಟು ಹಾಲು ಹಾಕಿದರು.

ಆಮೇಲೆ ಯಂತ್ರ ನನ್ನ ವಿವರ ಕೇಳಿತು. ವಯಸ್ಕರಾದರೆ ಫೋನಿಗೆ ಬರುವ ಗುಪ್ತ ಸಂಖ್ಯೆಯನ್ನು ಹಾಕಬೇಕಿತ್ತು. ಸಂಖ್ಯೆ ಬರಲಿಲ್ಲ. ಮತ್ತೆ ಕೇಳಿದೆ, ಬರಲಿಲ್ಲ. ಮೂರನೆಯ ಸಲಕ್ಕೆ ಅತ್ತೆಯವರ ತಾಳ್ಮೆ ಮುಗಿಯಿತು. “ಮಕ್ಕಳಿಗಾದ್ರೆ ನಂಬರ್ ಬೇಡ ಅಂತ ಕೆಳಗಡೆ ಬರೆದಿದೆಯಲ್ಲ, ಅದನ್ನೇ ಒತ್ತಿ. ಯಾರು ಬಂದು ನೋಡ್ತಾರೆ?” ಎಂದರು. ಒತ್ತಿದೆ. ಹುಟ್ಟಿದ ವರ್ಷವನ್ನು ಏಳು ವರ್ಷದ ಮಗುವಿಗೆ ಹೊಂದುವಂತೆ ಹಾಕಿದೆ. ಮೂವತ್ತು ವರ್ಷ ಬಸ್ ನಿಲ್ದಾಣದ ಕಂಟ್ರೋಲ್ ರೂಮಿನಲ್ಲಿ ಕುಳಿತು, ಯಾವ ಬಸ್ಸು ಯಾವ ನಿಮಿಷಕ್ಕೆ ಹೊರಡಬೇಕೆಂದು ರಿಜಿಸ್ಟರಿನಲ್ಲಿ ಬರೆದು, ತನ್ನ ಸಹಿ ಬೀಳದೆ ಒಂದು ಚಕ್ರವೂ ಉರುಳದಂತೆ ನೋಡಿಕೊಂಡ ಹೆಂಗಸಿನ ಮಾತನ್ನು ಮೀರುವ ಗಂಡಸುತನ ನನ್ನಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಹೀಗೆ ತಮ್ಮ ಕೃಪೆಯಿಂದ ನನ್ನ ಬಾಲ್ಯ ಎರಡನೆಯ ಬಾರಿ ಆರಂಭವಾಯಿತು. ದಿನವೂ ಸಂಜೆ ನಾಲ್ಕರಿಂದ ಆರು ಗಂಟೆಯವರೆಗೆ ಮಾತ್ರ ಆಟ ಎಂದು ಅತ್ತೆಯವರು ತಮ್ಮ ಫೋನಿನಲ್ಲಿ ಗೊತ್ತುಪಡಿಸಿದರು. ನಾನು ಆಡುತ್ತಿದ್ದುದು ಒಂದೇ ಆಟ, ಬಸ್ಸು ಓಡಿಸುವುದು. ಅವರು ಹಿಂದೆ ಕುಳಿತು ಸೊಪ್ಪು ಬಿಡಿಸುತ್ತಾ, “ಹೀಗೆ ಬ್ರೇಕ್ ಹೊಡೆದ್ರೆ ನಿಂತಿರೋ ಜನ ಎಲ್ಲಿ ಹೋಗಿ ಬೀಳ್ಬೇಕು?” ಎನ್ನುತ್ತಿದ್ದರು. ಒಮ್ಮೊಮ್ಮೆ ನನ್ನ ಹೆಂಡತಿಯೂ ಕೆಲಸ ಮುಗಿಸಿ ಬಂದು ತಾಯಿಯ ಪಕ್ಕ ಕುಳಿತು, ಇಬ್ಬರೂ ಸೇರಿ ನನ್ನ ಡ್ರೈವಿಂಗನ್ನು ಬೈಯುತ್ತಿದ್ದರು. ಆ ಮನೆಯಲ್ಲಿ ತಾಯಿ ಮಗಳು ಒಂದೇ ಅಭಿಪ್ರಾಯಕ್ಕೆ ಬರುತ್ತಿದ್ದುದು ಆ ವಿಷಯದಲ್ಲಿ ಮಾತ್ರ.

ಎಂಟು ತಿಂಗಳ ಹಿಂದೆ ನನ್ನ ಹೆಂಡತಿಗೆ ಈ ದೇಶಕ್ಕೆ ವರ್ಗವಾಯಿತು. ಅವಳು ಎತ್ತರದ ಕಟ್ಟಡಗಳ ಲಿಫ್ಟ್‌ಗಳನ್ನು ಪರೀಕ್ಷಿಸಿ, ಜನ ಹತ್ತಬಹುದೋ ಬೇಡವೋ ಎಂದು ಪ್ರಮಾಣಪತ್ರ ಕೊಡುವವಳು. ಕಾಗದಕ್ಕೆ ಸಹಿ ಹಾಕಿ, ಟಿಕೆಟ್ ಕೈಗೆ ಬಂದ ಮೇಲೆ ತಾಯಿಗೆ ಹೇಳಿದಳು. ಮೊದಲೇ ಹೇಳಿದರೆ ಅಳುತ್ತಾರೆಂದು ಅವಳ ಲೆಕ್ಕಾಚಾರ. ಅತ್ತೆಯವರು ಅಳಲಿಲ್ಲ. “ಹೊರಡೋ ಹೊತ್ತು ಹೇಳದೆ ಹೋದ ಬಸ್ಸನ್ನ ನಾನು ರಿಜಿಸ್ಟರಿಗೆ ಹತ್ತಿಸೋದಿಲ್ಲ” ಎಂದಷ್ಟೇ ಹೇಳಿ ಒಳಗೆ ಹೋದರು. ನಾವು ಹೊರಟ ದಿನ ಗೇಟಿನವರೆಗೂ ಬರಲಿಲ್ಲ. ಅಡುಗೆಮನೆಯಲ್ಲಿ ನಿಂತು, ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದರು. ಅಂದಿನಿಂದ ತಾಯಿ ಮಗಳ ನಡುವೆ ಮಾತಿಲ್ಲ. ಇವಳು, “ಅವರೇ ಮೊದಲು ಫೋನ್ ಮಾಡ್ಲಿ” ಎನ್ನುತ್ತಾಳೆ. ಅವರು ಮಾಡುವುದಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ಹಿರಿಯರು ಹೇಳಿರುವುದು ಸುಳ್ಳಲ್ಲ. ಆ ಸೀರೆಯನ್ನು ಎರಡು ಕಡೆಯಿಂದ ಎಳೆಯುತ್ತಿರುವಾಗ ನಡುವೆ ಸಿಕ್ಕಿಕೊಂಡ ಅಳಿಯನ ಬಗ್ಗೆ ಮಾತ್ರ ಅವರು ಏನನ್ನೂ ಹೇಳಿಲ್ಲ.

ಹೊಸ ದೇಶಕ್ಕೆ ಬಂದು, ಇಲ್ಲಿನ ಗೋಡೆಯ ತೂತುಗಳಿಗೆ ಹೊಂದುವ ಪ್ಲಗ್ಗನ್ನು ನಾಲ್ಕು ಅಂಗಡಿ ಸುತ್ತಿ ಕೊಂಡು ತಂದು ಕನ್ಸೋಲ್ ಹಚ್ಚಿದಾಗ ತಮ್ಮ ಪಾಂಡಿತ್ಯದ ನಿಜವಾದ ಆಳ ನನಗೆ ಗೊತ್ತಾಯಿತು. ಗಡಿ ದಾಟುವಾಗ ವಲಸೆ ಅಧಿಕಾರಿಗಳು ನನ್ನ ಪಾಸ್‌ಪೋರ್ಟ್ ನೋಡಿ, ಮುಖ ನೋಡಿ, ಮುದ್ರೆ ಒತ್ತಿ ಒಳಗೆ ಬಿಟ್ಟಿದ್ದರು. ತಮ್ಮ ಯಂತ್ರ ಅಷ್ಟು ಸುಲಭಕ್ಕೆ ಮರುಳಾಗಲಿಲ್ಲ. ‘ಕುಟುಂಬದ ಮುಖ್ಯಸ್ಥರು ಇರುವ ದೇಶವೇ ಮಗುವಿನ ದೇಶ’ ಎಂದು ಘೋಷಿಸಿತು. ಇಲ್ಲಿನ ಬ್ಯಾಂಕಿನ ಕಾರ್ಡು ಕೊಟ್ಟರೆ, ನೀನಿರುವುದು ಬೇರೆ ದೇಶದಲ್ಲಿ ಎಂದಿತು. ಅಲ್ಲಿನ ಕಾರ್ಡು ಕೊಟ್ಟರೆ, ಮಕ್ಕಳು ಕಾರ್ಡು ಮುಟ್ಟಬಾರದು ಎಂದಿತು. ಹೊರಗೆ ಮೊಣಕಾಲೆತ್ತರ ಹಿಮ ಬಿದ್ದಿದ್ದಾಗ, ಬಿಸಿಲು ಜಾಸ್ತಿ, ನೀರು ಕುಡಿ ಪುಟಾಣಿ ಎಂದು ಪರದೆಯ ಮೇಲೆ ನೆನಪಿಸಿತು. ಇಷ್ಟು ವರ್ಷ ಹೆಂಡತಿಯ ತಾಯಿಯ ಮನೆಯಲ್ಲಿದ್ದು ಮನೆ ಅಳಿಯ ಎನಿಸಿಕೊಂಡವನು ಸಮುದ್ರ ದಾಟಿದರೂ ಅದೇ ಪಟ್ಟದಲ್ಲಿ ಮುಂದುವರಿದಿರುವುದು ಜಗತ್ತಿನಲ್ಲೇ ಮೊದಲಿರಬೇಕು. ಆ ಕೀರ್ತಿ ಸಂಪೂರ್ಣವಾಗಿ ತಮ್ಮದು.

ಎಲ್ಲಕ್ಕಿಂತ ದೊಡ್ಡ ಉಪಕಾರ ಗಡಿಯಾರದ್ದು. ಅಲ್ಲಿಗೂ ಇಲ್ಲಿಗೂ ಸುಮಾರು ಹನ್ನೊಂದು ಗಂಟೆಯ ಅಂತರ. ಅತ್ತೆಯವರು ಗೊತ್ತುಪಡಿಸಿದ ಸಂಜೆ ನಾಲ್ಕರಿಂದ ಆರು ಎಂದರೆ ಇಲ್ಲಿ ಬೆಳಗಿನ ಐದರಿಂದ ಏಳು. ನಾನು ದಿನವಿಡೀ ಅಪರಿಚಿತರ ದವಡೆಯ ಅಚ್ಚುಗಳಿಗೆ ಹಲ್ಲು ಜೋಡಿಸಿ, ಸಂಜೆ ಆರಕ್ಕೆ ಮನೆಗೆ ಬಂದು ಬಸ್ಸು ಹತ್ತಲು ಹೋದರೆ, ‘ಇನ್ನೂ ಬೆಳಗಾಗಿಲ್ಲ, ಮಲಗು’ ಎಂಬ ಆದೇಶ. ಆಗ ಉಳಿದ ದಾರಿ ಒಂದೇ, ‘ಹೆಚ್ಚಿನ ಸಮಯ ಕೇಳು’ ಎಂಬ ಗುಂಡಿ. ಅದನ್ನು ಒತ್ತಿದರೆ ಅರವತ್ತು ಅಕ್ಷರದೊಳಗೆ ಕಾರಣ ಬರೆಯಬೇಕು. ಅದು ಅತ್ತೆಯವರ ಫೋನಿಗೆ ಹೋಗುತ್ತದೆ. ಅವರು ಒಪ್ಪಬಹುದು, ನಿರಾಕರಿಸಬಹುದು, ಅರವತ್ತು ಅಕ್ಷರದಲ್ಲಿ ಉತ್ತರವನ್ನೂ ಬರೆಯಬಹುದು. ನನ್ನ ಸಂಜೆ ಆರು ಎಂದರೆ ಅವರ ಬೆಳಗಿನ ಐದು. ಮೊದಲ ಬಸ್ಸಿನ ಹೊತ್ತಿಗೆ ಏಳುವುದು ಅವರಿಗೆ ನಿವೃತ್ತಿಯಾದರೂ ಬಿಟ್ಟುಹೋಗದ ಅಭ್ಯಾಸವಾದ್ದರಿಂದ, ನನ್ನ ಅರ್ಜಿ ಅವರ ಮೊದಲ ಲೋಟ ಕಾಫಿಯ ಜೊತೆಗೆ ವಿಚಾರಣೆಗೆ ಬರುತ್ತಿತ್ತು.

ಇದನ್ನೆಲ್ಲ ಸರಿಪಡಿಸಿ, ನನ್ನನ್ನು ದೊಡ್ಡವನನ್ನಾಗಿ ಮಾಡಿ ಎಂದು ನಾನು ಮೊದಲ ನಾಲ್ಕು ತಿಂಗಳಲ್ಲಿ ಹದಿನಾಲ್ಕು ದೂರು ಬರೆದದ್ದು ನಿಜ. ಅವುಗಳಿಗೆ ತಾವು ತೋರಿದ ಕಾಳಜಿಯನ್ನು ಜೀವ ಇರುವವರೆಗೂ ಮರೆಯಲಾರೆ. ತಮ್ಮ ರೋಬೋಟ್ ಮಹಾಶಯರು, ಈ ಪ್ರಶ್ನೆಯನ್ನು ಮನೆಯ ಹಿರಿಯರಿಗೆ ಕೇಳು ಎಂದು ಬುದ್ಧಿ ಹೇಳಿದರು. ಫೋನಿನಲ್ಲಿ ಸಿಕ್ಕ ತಮ್ಮ ಸಿಬ್ಬಂದಿಯೊಬ್ಬರು, “ಸರ್, ನಿಮ್ಮ ಧ್ವನಿ ದೊಡ್ಡೋರ ಥರಾನೇ ಇದೆ, ಆದ್ರೆ ಸಿಸ್ಟಮ್‌ನಲ್ಲಿ ಹನ್ನೊಂದು ಅಂತ ಬರ್ತಿದೆ, ಮನೇಲಿ ದೊಡ್ಡೋರಿದ್ರೆ ಫೋನ್ ಕೊಡಿ” ಎಂದರು. ಹೆಂಡತಿಗೆ ಕೊಟ್ಟೆ; ಅವಳು, “ನಾನು ಲಿಫ್ಟ್ ನೋಡೋಳು, ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ” ಎಂದು ವಾಪಸು ಕೊಟ್ಟಳು. ವಯಸ್ಸಿಗೆ ಸಾಕ್ಷಿಯಾಗಿ ಮದುವೆಯ ಪ್ರಮಾಣಪತ್ರ ಕಳುಹಿಸಿದಾಗ ತಮ್ಮ ಮಕ್ಕಳ ಸುರಕ್ಷತಾ ವಿಭಾಗ ಗಾಬರಿಗೊಂಡು, ‘ನಿನಗೆ ಮನೆಯಲ್ಲಿ ಯಾರಾದರೂ ಬಲವಂತ ಮಾಡುತ್ತಿದ್ದಾರೆಯೇ?’ ಎಂದು ವಿಚಾರಿಸಿತು. ಅಂದು ರಾಶಿ ಪಾತ್ರೆ ತೊಳೆದು ಕೈ ಒರೆಸಿಕೊಂಡು ಬಂದವನು ಹೌದು ಎಂದು ಒತ್ತಿಬಿಡುವುದರಲ್ಲಿದ್ದೆ.

ಆದರೆ ಮಾನ್ಯರೇ, ಆ ಅರವತ್ತು ಅಕ್ಷರದ ಕಿಂಡಿಯಲ್ಲಿ ಮೆಲ್ಲಗೆ ಬೇರೇನೋ ನಡೆಯತೊಡಗಿತ್ತು. ಮೊದಮೊದಲು ನಾನು, ‘ಹದಿನೈದು ನಿಮಿಷ ಬೇಕಿತ್ತು ಅತ್ತೆ’ ಎಂದು ಬರೆದರೆ ಅವರು, ‘ಊಟ ಆಯ್ತಾ’ ಎನ್ನುತ್ತಿದ್ದರು. ಆಮೇಲೆ, ‘ಅಲ್ಲಿ ಚಳಿ ಎಷ್ಟು’ ಎಂದು ಬಂತು. ಒಂದು ದಿನ, ‘ಸ್ವೆಟರ್ ಹಾಕ್ಕೊಳ್ತಾಳಾ’ ಎಂದು ಬಂತು. ಯಾರೆಂದು ಬರೆದಿರಲಿಲ್ಲ. ನಾನು ಪರದೆ ನೋಡಿಕೊಂಡೇ ಆ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದೆ. ಹೆಂಡತಿ ತನ್ನ ಲಿಫ್ಟ್ ವರದಿಯಿಂದ ತಲೆ ಎತ್ತದೆ, “ಹಾಕ್ಕೊಳ್ತಾಳೆ ಅಂತ ಬರೀರಿ” ಎಂದಳು. ಬರೆದೆ. ಇಪ್ಪತ್ತು ನಿಮಿಷ ಸಿಕ್ಕಿತು.

ಅದಾಗಿ ವಾರ ಕಳೆದಿರಬೇಕು. ಹಲ್ಲಿನ ಅಚ್ಚಿನ ಪುಡಿ ಮೈಗೆಲ್ಲ ಮೆತ್ತಿಕೊಂಡು ಬಂದಿದ್ದ ನಾನು ಅರ್ಜಿ ಹಾಕದೆ ನೇರವಾಗಿ ಸ್ನಾನಕ್ಕೆ ಹೋದೆ. ಹೊರಗೆ ಬಂದು ನೋಡಿದರೆ ಪರದೆಯ ಮೇಲೆ ನನಗೆ ಒಂದು ಗಂಟೆಯ ಆಟ ಮಂಜೂರಾಗಿತ್ತು. ಅಲ್ಲಿಯವರೆಗೆ ನನ್ನ ಯಾವ ದೈನ್ಯಕ್ಕೂ ಅಷ್ಟು ಸಿಕ್ಕಿರಲಿಲ್ಲ. ಹಿಂದಿನ ಅರ್ಜಿಗಳ ಪಟ್ಟಿ ತೆರೆದು ನೋಡಿದೆ. ನನ್ನ ಹೆಸರಿನಿಂದ ಹೋದ ಕಾರಣ ಹೀಗಿತ್ತು: ‘ಮಂಡಿಗೆ ಬೆಲ್ಟ್ ಹಾಕ್ಕೊಂಡು ವಾಕಿಂಗ್ ಹೋಗ್ತಿದೀಯಾ, ಸುಳ್ಳು ಹೇಳ್ಬೇಡ.’ ಅತ್ತೆಯವರಿಗೆ ಮಂಡಿನೋವು ಇರುವುದೇ ನನಗೆ ತಿಳಿದಿರಲಿಲ್ಲ. ಉತ್ತರ ಹೀಗಿತ್ತು: ‘ಹೋಗ್ತಿದೀನಿ. ನೀನು ಲಿಫ್ಟ್ ಮೇಲೆ ಹತ್ತುವಾಗ ಹುಷಾರು.’ ಹೆಂಡತಿ ಅಡುಗೆಮನೆಯಲ್ಲಿ ಏನನ್ನೋ ಜೋರಾಗಿ ಹುರಿಯುತ್ತಿದ್ದಳು. ನಾನು ಪಟ್ಟಿ ಮುಚ್ಚಿ ಬಸ್ಸು ಹತ್ತಿದೆ.

ಅಂದಿನಿಂದ ಪ್ರತಿ ಸಂಜೆ ಆರಕ್ಕೆ ನಾನು ಸ್ನಾನಕ್ಕೆ ಹೋಗುತ್ತೇನೆ. ಇಷ್ಟು ಶುಭ್ರವಾಗಿ ನಾನು ಬದುಕಿನಲ್ಲಿ ಯಾವತ್ತೂ ಇದ್ದವನಲ್ಲ. ಮೈ ಒಣಗಿ ಬಿರಿಯುತ್ತಿದೆ, ನೀರಿನ ಬಿಲ್ಲು ನೋಡಿ ಮನೆಯ ಮಾಲೀಕ, ಒಳಗೆ ಎಷ್ಟು ಜನ ಇದ್ದೀರಿ ಎಂದು ಕೇಳಿದ್ದಾನೆ. ಅವರಿಬ್ಬರೂ ಬರೆಯುತ್ತಿರುವುದು ನನ್ನ ಹೆಸರಿನಲ್ಲಿ. ನಾನು ಬರೆಯುತ್ತಿಲ್ಲವೆಂದು ಇಬ್ಬರಿಗೂ ಗೊತ್ತು. ಗೊತ್ತಿದೆಯೆಂದು ಇಬ್ಬರೂ ಒಪ್ಪಿಕೊಳ್ಳುವುದಿಲ್ಲ. ಎರಡೂವರೆ ತಿಂಗಳಿಂದ ದಿನಕ್ಕೆ ಅರವತ್ತು ಅರವತ್ತು ಅಕ್ಷರಗಳಲ್ಲಿ ಒಬ್ಬ ತಾಯಿ, ಒಬ್ಬ ಮಗಳು ನನ್ನ ಬಾಲ್ಯದ ಮರೆಯಲ್ಲಿ ನಿಂತು ಮಾತಾಡುತ್ತಿದ್ದಾರೆ. ನಾನು ದೊಡ್ಡವನಾದ ದಿನ ಆ ಕಿಂಡಿ ಮುಚ್ಚುತ್ತದೆ. ಫೋನ್ ಇದೆಯಲ್ಲ ಎಂದು ತಾವು ಕೇಳಬಹುದು. ಫೋನ್ ಮಾಡಿದರೆ ಯಾರೋ ಒಬ್ಬರು ಮೊದಲು ಮಾಡಿದ ಹಾಗಾಗುತ್ತದೆ, ಮಾನ್ಯರೇ.

ಅದಕ್ಕಿಂತ ನನಗೆ ಭಯ ಹುಟ್ಟಿಸಿರುವುದು ತಮ್ಮ ಸೂಚನೆಯ ಒಕ್ಕಣೆ. ಹೇಳದೆ ಹೊರಟಳೆಂದು ಮಗಳ ಮೇಲೆ ಮುನಿದ ಹೆಂಗಸಿಗೆ, ಅಳಿಯನೂ ಬೆನ್ನ ಹಿಂದೆ ಹದಿನಾಲ್ಕು ಸಲ ಹೊರಡುವ ಅರ್ಜಿ ಹಾಕಿದ್ದನೆಂದು ತಾವು ತಿಳಿಸಲಿದ್ದೀರಿ. ಅವರು ಅದನ್ನು ಬೆಳಗಿನ ಐದು ಗಂಟೆಗೆ, ನಮ್ಮ ಮಾತಿಗಾಗಿ ಕಾಯುತ್ತಾ ಕುಳಿತಿರುವಾಗ ಓದುತ್ತಾರೆ. ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ, ಸಂಕಟವೂ ಆಗುತ್ತದೆ.

ಆದಕಾರಣ ತಮ್ಮಲ್ಲಿ ನನ್ನ ಕೋರಿಕೆಗಳು ಸರಳವಾಗಿವೆ. ನನ್ನನ್ನು ಹನ್ನೊಂದರಲ್ಲೇ ಇಟ್ಟುಬಿಡಿ. ಬರುವ ಹುಟ್ಟುಹಬ್ಬಕ್ಕೆ ಹನ್ನೆರಡು ಮಾಡಬೇಡಿ, ಏಕೆಂದರೆ ಹೀಗೇ ಬಿಟ್ಟರೆ ನನ್ನ ಐವತ್ತೊಂದನೆಯ ವಯಸ್ಸಿಗೆ ನನಗೆ ಹದಿನೆಂಟು ತುಂಬಿ ಮತ್ತೆ ಇದೇ ಗಂಡಾಂತರ ಎದುರಾಗುತ್ತದೆ. ನಿಯಮದ ಪ್ರಕಾರ ಕಾಲ ಓಡಲೇಬೇಕೆಂದಿದ್ದರೆ, ಅದು ಅತ್ತೆಯವರ ಅನುಮತಿ ಪಡೆದು ಓಡುವಂತೆ ಮಾಡಿ. ಆ ಕೆಲಸದಲ್ಲಿ ಅವರಿಗೆ ಮೂವತ್ತು ವರ್ಷದ ಅನುಭವವಿದೆ. ದೇಶದ ವಿಷಯವೇ ತೊಡಕಾಗಿದ್ದರೆ, ನಮ್ಮ ಟಿವಿಯ ಮುಂದಿನ ನಾಲ್ಕಡಿ ನೆಲವನ್ನು ಹಳೆಯ ದೇಶದ ಭಾಗವೆಂದು ಘೋಷಿಸಿಬಿಡಿ. ಸೋಫಾದಿಂದ ಇಳಿಯುವಾಗ ಪಾಸ್‌ಪೋರ್ಟ್ ತೋರಿಸಲು ನಾನು ಸಿದ್ಧ, ಹೆಂಡತಿಯೂ ಸಿದ್ಧ. ಇದಾವುದೂ ಆಗದಿದ್ದರೆ, ಕಡೆಯ ಪಕ್ಷ ತಮ್ಮ ಆಫೀಸಿನ ದಕ್ಷತೆಯನ್ನು ಹಿಂದಿನ ಮಟ್ಟಕ್ಕೇ ಇಳಿಸಿ, ಈ ಕಡತವನ್ನು ಯಾವುದಾದರೂ ಮೇಜಿನ ಖಾನೆಯಲ್ಲಿ ಕಳೆದುಹಾಕಿ. ಹದಿಮೂರು ಸಲ ತಾವು ಅದನ್ನು ಅದ್ಭುತವಾಗಿ ಮಾಡಿದ್ದೀರಿ. ತಮ್ಮ ಸಾಮರ್ಥ್ಯದ ಮೇಲೆ ನನಗೆ ಪೂರ್ಣ ನಂಬಿಕೆಯಿದೆ.

ಹೆಚ್ಚು ಬರೆದು ತಮ್ಮ ಅಮೂಲ್ಯ ಸಮಯವನ್ನು ವ್ಯರ್ಥ ಮಾಡಲಾರೆ; ಆರು ಗಂಟೆಯಾಗುತ್ತಾ ಬಂತು, ನಾನು ಟವಲ್ ಹುಡುಕಬೇಕು.

ತಮ್ಮ ವಿಶ್ವಾಸಿ,
ಕಡತದ ಪ್ರಕಾರ ಬಾಲಕ, ಕನ್ನಡಿಯ ಪ್ರಕಾರ ಬೇರೆ

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಸೂಚನೆ ಅತ್ತೆಯವರನ್ನು ತಲುಪಿದೆ. ಎಂಟು ತಿಂಗಳು ಮಲಗಿದ್ದವರು ನನಗೆ ಬೇಡವಾದ ದಿನವೇ ಎದ್ದು ಓಡಿದ ತಮ್ಮ ಚುರುಕುತನಕ್ಕೆ ಅಭಿನಂದನೆಗಳು. ಅತ್ತೆಯವರು ನಿರಾಕರಿಸಿದ್ದಾರೆ. ಕಾರಣದ ಚೌಕದಲ್ಲಿ, ‘ಹುಡುಗನಿಗೆ ಇನ್ನೂ ಬುದ್ಧಿ ಬಂದಿಲ್ಲ. ಅವಳನ್ನೂ ಸೇರಿಸಿಕೊಳ್ಳಬೇಕು’ ಎಂದು ಬರೆದಿದ್ದಾರೆ. ಬರೆದದ್ದೇನೋ ಸರಿ, ಆದರೆ ಕುಟುಂಬಕ್ಕೆ ಹೊಸಬರನ್ನು ಸೇರಿಸಲು ತಾವು ರಚಿಸಿರುವ ಪುಟ ಅವರಿಗೆ ಅರ್ಥವಾಗಲಿಲ್ಲ. ನನಗೂ ಅರ್ಥವಾಗುತ್ತಿರಲಿಲ್ಲ. ಯಾರಿಗಾದರೂ ಅರ್ಥವಾಗಿದೆಯೆಂದು ನಾನು ನಂಬುವುದಿಲ್ಲ. ಬೇರೆ ದಾರಿ ಕಾಣದೆ ಅವರು ಮಗಳಿಗೆ ಫೋನ್ ಮಾಡಿ, “ಈ ಡಬ್ಬ ನಿನ್ನ ಹುಟ್ಟಿದ ತಾರೀಖು ಕೇಳ್ತಿದೆ, ಎಲ್ಲಿ ಒತ್ತಬೇಕು ಹೇಳು” ಎಂದರು. “ಅದಲ್ಲಮ್ಮ, ಅದರ ಪಕ್ಕದ್ದು” ಎಂದು ಇವಳು ಸ್ಪೀಕರ್ ಹಾಕಿಕೊಂಡು ಹೇಳತೊಡಗಿ ಈಗ ಐವತ್ತು ನಿಮಿಷವಾಯಿತು. ಇನ್ನೂ ಎರಡನೆಯ ಪುಟದಲ್ಲೇ ಇದ್ದಾರೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದಾರೆ, ನಡುವೆ ಒಂದೆರಡು ಸಲ ಇಬ್ಬರೂ ಮೂಗು ಒರೆಸಿಕೊಂಡ ಸದ್ದೂ ಕೇಳಿಸಿತು. ಆ ಪುಟ ಸರಳವಾಗಿದ್ದಿದ್ದರೆ ಐದು ನಿಮಿಷಕ್ಕೆ ಫೋನ್ ಇಟ್ಟುಬಿಡುತ್ತಿದ್ದರು. ಅದನ್ನು ರಚಿಸಿದ ಮಹಾನುಭಾವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ತಿಳಿಸಿ, ದಯವಿಟ್ಟು ಅದನ್ನು ಸುಧಾರಿಸಲು ಬಿಡಬೇಡಿ.